ಹನ್ನೆರಡು ಸುತ್ತು

ಫೆಬ್ರವರಿಯ ಕೊನೆಯ ಶನಿವಾರ, ಮಿನ್ನೆಸೋಟದ ನಮ್ಮೂರಿನ ಮೀನು ಹಿಡಿಯುವ ಸಾಮಾನಿನ ಅಂಗಡಿ. ಸಾಲಿನಲ್ಲಿ ನನ್ನ ಮುಂದೆ ಆರ್ವಿಡ್ ಮತ್ತು ಅವನ ಹೆಂಡತಿಯ ಅಣ್ಣ ಲೌರಿ. ಆರ್ವಿಡ್‌ನ ತೋಳಿನಲ್ಲಿ ಹೆಪ್ಪುಗಟ್ಟಿದ ಸರೋವರದಲ್ಲಿ ಮೀನಿಗಾಗಿ ಐಸ್ ಕೊರೆಯುವ ಬ್ಯಾಟರಿ ಬೈರಿಗೆಯ ಡಬ್ಬ.

"ಪೆಟ್ರೋಲಿಂದೇ ತಗೊಳ್ಳಲಾ, ಭಾವ? ಜೋರಿರುತ್ತೆ."

"ಆ ವಾಸನೆಗೆ ವರ್ನಾ ನಿನ್ನನ್ನ ಐಸ್ ಮೇಲಿನ ಗುಡಿಸಲಿಂದ ಆಚೆ ಹಾಕ್ತಾಳೆ."

"ನಿಮ್ಮ ತಂಗಿ ತಾನೇ, ಹಾಕ್ತಾಳೆ."

"ಕೈ ಬೈರಿಗೆ ಸಾಕಾಯ್ತೇನೋ?"

"ಭುಜ ಬಿದ್ದೋಗಿದೆ. ಆದ್ರೂ ಇವತ್ತು ಪುಣ್ಯಕ್ಕೆ ಹನ್ನೆರಡೇ ಸುತ್ತು ತಿರುಗಿಸಿದ್ದಕ್ಕೆ ನೀರು ಬಂತು."

"ಹೊಸ ಅಲಗು ಹಾಕಿದ್ಯಾ?"

"ಎಲ್ಲಿ! ಅದೇ ಮೊಂಡು. ಸಾಣೆ ಕಂಡು ಮೂರು ವರ್ಷ ಆಯ್ತು."

"ಹೋದ ವಾರ ಎಷ್ಟು ಸುತ್ತು ಹಿಡೀತು?"

"ಅರವತ್ತು. ಅದು ದಡದ ಹತ್ರ. ಇವತ್ತು ಬೆಳಿಗ್ಗೆ ಗುಡಿಸಲನ್ನ ಹೊಳೆ ಬಂದು ಸೇರೋ ಕಡೆ ಎಳೆದುಬಿಟ್ಟೆ. ಅಲ್ಲಿ ಮೀನು ಜಾಸ್ತಿ."

ಲೌರಿ ಅವನ ತೋಳು ಹಿಡಿದ.

"ಹೊಳೆ ನೀರು ಹರಿಯೋ ಕಡೆ ಐಸ್ ಎಷ್ಟು ದಪ್ಪ ಇತ್ತು ಅಂತ ಅಳೆದ್ಯೇನೋ?"

"ಬೇಗ ಇಳೀತಲ್ಲ ಅನ್ನೋ ಖುಷೀಲಿ..."

"ಗುಡಿಸಲಲ್ಲಿ ಈಗ ಯಾರಿದಾರೆ?"

"ವರ್ನಾ. ಒಲೆ ಹಚ್ಕೊಂಡು ಕೂತಿದಾಳೆ."

ಡಬ್ಬ ನನ್ನ ಕಾಲ ಬಳಿ ಬಿತ್ತು. ಇಬ್ಬರೂ ಓಡಿದರು. ತೆರೆದೇ ಉಳಿದ ಬಾಗಿಲಾಚೆ, ಸೂರಿನ ಹಿಮ ಕರಗಿ ನೀರು ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸಿತು.