ತಪ್ಪದೆ ಹಾಕಿದ ಟಿಕ್ಕು

ಆಸ್ಪತ್ರೆಯ ವ್ಯಾಯಾಮದ ಕೋಣೆಯ ಹೊರಗೆ, ಕತ್ತುನೋವಿನ ದರ್ಜಿ ಸರದಿಗೆ ಕಾದಿದ್ದ. ಪಕ್ಕದಲ್ಲಿ ಅಕ್ಕತಂಗಿಯರು. ಲಕ್ವ ಹೊಡೆದ ಅಕ್ಕನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

“ಭಾವಂಗೂ ಹೀಗೇ ಆಗಿತ್ತಲ್ಲಕ್ಕಾ. ಮೂರೇ ತಿಂಗಳಿಗೆ ಓಡಾಡಿದ್ರು.”

“ಹೊತ್ತುಹೊತ್ತಿಗೆ ಕೈಕಾಲು ಆಡಿಸೋಕೆ ನಾನಿದ್ದೆ.”

“ಈಗ ಅವರು ಆಡಿಸಲ್ವಾ?”

“ಅಜ್ಜಿಯಾದವಳಿಗೆ ಇನ್ನೆಂಥ ಕಸರತ್ತು ಅಂತಾರೆ.”

“ಹಂಗಾದ್ರೆ ಅವರು ತಾತ ಅಲ್ವಾ?”

ಅಕ್ಕ ನಕ್ಕಳು. ನಗು ಅರ್ಧ ಬಾಯಿಗೇ ನಿಂತಿತು.

“ಮತ್ತೆ ಮನೇಲಿ ದಿನಾ ಮಾಡೋ ವ್ಯಾಯಾಮದ ಚೀಟಿ ತುಂಬ ಟಿಕ್ ಇದೆಯಲ್ಲ?”

“ಅವರೇ ಹಾಕೋದು. ಅದೊಂದು ಮಾತ್ರ ತಪ್ಪಿಸಲ್ಲ.”

“ಡಾಕ್ಟ್ರಿಗೆ ಹೇಳಕ್ಕಾ.”

“ಹೇಳಿ ಆ ಮನೆಗೇ ತಾನೇ ಹೋಗ್ಬೇಕು?”

ಒಳಗಿನಿಂದ ಕರೆದರು. ಚೀಟಿ ಹಿಡಿದು ಬಂದ ಅಕ್ಕನ ಗಂಡ, ಗುಂಡಿ ಬಿಚ್ಚಿದ್ದ ತನ್ನ ಷರಟಿನ ತೋಳನ್ನು ಅವಳ ಮುಂದೆ ಚಾಚಿದ. ಅವಳು ಎಡಗೈಯೊಂದರಲ್ಲೇ, ದರ್ಜಿಯೇ ಬೆರಗಾಗುವಷ್ಟು ಚುರುಕಾಗಿ, ಗುಂಡಿ ಹಾಕಿ ಅವನ ಹಿಂದೆ ಕಾಲೆಳೆಯುತ್ತ ಒಳಗೆ ಹೋದಳು.