ಮಾವಿನ ಮರಕ್ಕೆ ಬೆಳ್ಳಿ ಉಡದಾರ

ಊಟಕ್ಕೆ ಪಂಕ್ತಿ ಕೂರುವ ಮೊದಲು ಒಂದು ಕತೆ ಕೇಳಿ. ಒಬ್ಬ ಸಿರಿವಂತನಿದ್ದ. ಯಾವ ಊರು ಅಂತ ಕೇಳಬೇಡಿ, ನಮ್ಮೂರೇ ಅಂದರೆ ಮುಂದಿನ ಸಾಲಿನವರು ಎದ್ದು ಹೋಗುತ್ತಾರೆ. ಮಕ್ಕಳಿರಲಿಲ್ಲ. ಹಿತ್ತಲ ಮಾವಿನ ಗಿಡವನ್ನೇ ಮಗನೆಂದ, ಹೆಸರಿಟ್ಟ, ಅದರ ನಡುವಿಗೆ ಬಿಗಿಯಾಗಿ ಬೆಳ್ಳಿಯ ಉಡದಾರ ಕಟ್ಟಿಸಿದ.

ಗಿಡ ಬೆಳೆಯಿತು. ಬೆಳ್ಳಿ ಬೆಳೆಯುತ್ತದೆಯೇ? ತೊಗಟೆಯನ್ನು ಕಚ್ಚಿ ಒಳಗಿಳಿಯಿತು. ಆ ವರ್ಷ ನೋಡಿ, ಏನು ಹಣ್ಣು! ಏನು ಸಿಹಿ! ಸಿರಿವಂತ ನೆಂಟರನ್ನೆಲ್ಲ ಕರೆದು ತಿನ್ನಿಸಿ ಕುಣಿದಾಡಿಬಿಟ್ಟ. ಉಡದಾರದ ಮೇಲ್ಗಡೆ ಕಾಂಡ ಊದಿಕೊಂಡದ್ದನ್ನು ಸವರುತ್ತ ಹೆಂಡತಿಯನ್ನು ಕೂಗಿದ.

"ಬಾ ಇಲ್ಲೆ! ನನ್ನ ಮಗಗ ಹೊಟ್ಟಿ ಬಂದೈತಿ ನೋಡ!"

"ಅದು ಹೊಟ್ಟಿ ಅಲ್ರಿ, ಗಂಟಲದಾಗ ಸಿಕ್ಕ ತುತ್ತು. ಕೂಸು ಬೆಳದಂಗ ಉಡದಾರ ಸಡ್ಲ ಮಾಡಂಗಿಲ್ಲೇನು? ಕತ್ತರಸ್ರಿ ಅದನ್ನ."

"ಬೆಳ್ಳಿ ಕತ್ತರಸೂದಾ? ನೆಂಟರೆಲ್ಲ ಅದನ್ನ ನೋಡಾಕ ಬರ್ತಾರ. ಸುಮ್ಕಿರ!"

ಮರುವರ್ಷ ಹೂವಿಲ್ಲ. ಎಲೆ ಹಳದಿ. ನೀರು ಹೊಯ್ದ, ಹಾಲು ಹೊಯ್ದ, ಬುಡಕ್ಕೆ ಕಾಯಿ ಒಡೆದ. ಮಗ ಸಾಯುತ್ತಿದ್ದಾನೆ!

ಏನಾಗಿತ್ತು ಗೊತ್ತೇ? ಎಲೆ ಬಿಸಿಲಲ್ಲಿ ಕೂತು ಸಕ್ಕರೆ ಅಡುತ್ತದೆ. ತೊಗಟೆಯ ಒಳಪದರದಲ್ಲಿ ಕೂದಲಿಗಿಂತ ಸಣ್ಣ ಕೊಳವೆಗಳಿವೆ. ಆ ಸಕ್ಕರೆ ಅವುಗಳಲ್ಲೇ ಬೇರಿಗೆ ಇಳಿಯಬೇಕು. ಕತ್ತಲಲ್ಲಿರುವ ಬೇರು ತಾನೇ ಅಡಿಗೆ ಮಾಡಿಕೊಳ್ಳಲಾರದು. ಬೆಳ್ಳಿ ಆ ದಾರಿಯನ್ನೇ ಹಿಸುಕಿತ್ತು. ಇಳಿಯಬೇಕಾದ ಸಿಹಿಯೆಲ್ಲ ಮೇಲೇ ನಿಂತು ಹಣ್ಣಾಯಿತು. ನೆಂಟರು ಚಪ್ಪರಿಸಿದ್ದು ಯಾರ ಊಟ? ಬೇರಿನ ಊಟ! ಊಟವಿಲ್ಲದ ಬೇರು ಎಷ್ಟು ದಿನ ನೀರು ಕಳಿಸೀತು?

ಕೊನೆಗೆ ಸಿರಿವಂತ ತಾನೇ ಉಳಿ ಹಿಡಿದ. ಬೆಳ್ಳಿ ಕಡಿದು, ತೊಗಟೆಯಿಂದ ಕಿತ್ತು ತೆಗೆದ. ಬದುಕೀತೋ ಇಲ್ಲವೋ? ಮಳೆ ಬಿದ್ದ ಮೇಲೆ ಒಂದು ಚಿಗುರು ಕಂಡಿತು. ಓಡಿ ಹೋಗಿ ಹೆಂಡತಿಗೆ ಹೇಳಿದ:

"ಬದುಕಿತು! ಮತ್ತ ಅಂಥಾ ಹಣ್ಣು ತಿಂತೀವಿ!"

"ಹೆಂಗಿದ್ವು ಅವು?"

"ನೀ ತಿಂದಿಲ್ಲೇನು?"

"ನೆಂಟರು ಉಂಡು ಎದ್ದಮ್ಯಾಲೆ ಬರೇ ಚೀಪಿದ ವಾಟೆ ಉಳದಿದ್ವು ರೀ."

ಸಿರಿವಂತ ಅಂದು ಒಳಗೆ ಹೋಗಿ ಮೊದಲು ಹೆಂಡತಿಗೆ ತಾಟು ಹಾಕಿದ.

ನಿಮ್ಮ ಮನೆಯಲ್ಲಿ ಎಲ್ಲರ ತಾಟು ತೊಳೆದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವವರು ಯಾರು? ಹೇಳಬೇಡಿ, ನನಗೆ ಗೊತ್ತು. "ಆಕಿ ಆಮ್ಯಾಲೆ ಉಣ್ತಾಳ ಬಿಡ್ರಿ" ಅನ್ನುತ್ತೀರಲ್ಲ, ಅದೇ ನಿಮ್ಮ ಬೆಳ್ಳಿ. ಇಂದೇ ಕಡಿಯಿರಿ. ಅಟ್ಟವರ ತಾಟಿಗೆ ಅನ್ನ ಬಿಸಿಯಿರುವಾಗಲೇ ಬೀಳಲಿ. "ನಾಳೆಯಿಂದ" ಅನ್ನಬೇಡಿ, ಮುಂಜಾನೆಯಿಂದ ಒಲೆ ಮುಂದೆ ಬೆಂದ ತಾಯಂದಿರು ಇಲ್ಲೇ ಹಿಂದೆ ಇದ್ದಾರೆ. ಮೊದಲ ಪಂಕ್ತಿ ಅವರದು. ಮುಂದಿನ ಸಾಲಿನವರೇ, ಅಂಗಿಯ ತೋಳು ಮಡಚಿ ಸೌಟು ಹಿಡಿಯಿರಿ. ಏಳಿ, ಏಳಿ, ಹುಗ್ಗಿ ಆರುತ್ತಿದೆ!