ಆರನೇ ತಲೆಪಿನ್ನು

"ರೀ... ಹಿಂದಿನ ಬೇರಿಂಗಿಗೆ ಪಿನ್ನು ಹಾಕಿ ನೋಡಿದ್ರಾ?"

ನನ್ನವಳು ಕೊನೆಗೆ ಆಡಿದ ಮಾತು ಇದು. ಆಸ್ಪತ್ರೆಯ ಮಂಚದ ಮೇಲೆ. ನಾನು "ನೋಡಿದೆ" ಅಂದೆ. ನೋಡಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಇಂಥ ಕತೆ ಹೇಳುವವರು ಪಕ್ಕದ ಮನೆಯವನಿಗೆ ಆಯ್ತು, ಚಿಕ್ಕಪ್ಪನ ಮಗನಿಗೆ ಆಯ್ತು ಅಂತಾರೆ. ಇದು ನನಗೇ ಆದದ್ದು.

ನಾನು ದೋಣಿ ರಿಪೇರಿಯವನು. ಇಂಜಿನ್ನಿನಿಂದ ಹಿಂದಕ್ಕೆ ಒಂದು ಉದ್ದನೆ ದಂಡ ಹೋಗುತ್ತೆ, ಶಾಫ್ಟು. ಅದರ ತುದಿಗೆ ಫ್ಯಾನು. ಫ್ಯಾನು ತಿರುಗಿದರೆ ದೋಣಿ ಹೋಗುತ್ತೆ. ಶಾಫ್ಟು ಹೊರಗೆ ಬರುವ ಕಡೆ ರಬ್ಬರಿನ ಬೇರಿಂಗು ಅದನ್ನು ಅಲ್ಲಾಡದ ಹಾಗೆ ಹಿಡಿದಿರುತ್ತೆ. ರಬ್ಬರು ಸವೆದರೆ ಶಾಫ್ಟು ಕುಣಿಯುತ್ತೆ. ಕುಣಿದು ಕುಣಿದು ನಡುನೀರಲ್ಲಿ ದೋಣಿಯ ಹೊಟ್ಟೆಗೇ ನೀರು ಬಿಡುತ್ತೆ.

ಸವೆದಿದೆಯಾ ಅಂತ ನೋಡೋಕೆ ನಮ್ಮದೇ ಒಂದು ದಾರಿ. ನಾನು ಫ್ಯಾನನ್ನು ಎರಡೂ ಕೈಲಿ ಎತ್ತಿ ಹಿಡೀತಿದ್ದೆ. ಅವಳು ಮುಡಿಯಿಂದ ಒಂದು ಪಿನ್ನು ಕಿತ್ತು, ಅದರ ಒಂದು ಕಾಲನ್ನು ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದಿಗೆ ತೂರಿಸ್ತಿದ್ದಳು. ಕಾಲು ಒಳಗೆ ಹೋಯ್ತು ಅಂದ್ರೆ ರಬ್ಬರು ಸವೆದಿದೆ, ಬೇರಿಂಗು ಬದಲಿಸಬೇಕು. "ಪಿನ್ನು ಒಳಗೆ, ಬೇರಿಂಗು ಹೊರಗೆ" ಅಂತ ನಗ್ತಿದ್ದಳು.

ಅವಳು ಹೋದಮೇಲೆ ಆಸ್ಪತ್ರೆಯವರು ಅವಳ ಸಾಮಾನು ಕಾಗದದ ಕವರುಗಳಲ್ಲಿ ಹಾಕಿ, ಬಾಯಿ ಅಂಟಿಸಿ ಕೊಟ್ಟರು. ಒಂದರ ಮೇಲೆ ನರ್ಸಮ್ಮ ಬರೆದಿದ್ದರು: ತಲೆಪಿನ್ನು ೬. ಅದನ್ನು ಒಡೆಯಲಿಲ್ಲ. ಬೀರುವಿನಲ್ಲಿಟ್ಟೆ.

ಅವಳು ಹೋಗಿ ಹದಿನೇಳು ದಿನ ಆಗಿತ್ತು. ಅವಳು ಕೊನೆಗೆ ಕೇಳಿದ ಆ ದೋಣಿ ನನ್ನ ಭಾವಮೈದುನನದು. ಅವಳ ಒಬ್ಬನೇ ತಮ್ಮ. ಈ ದಡದಿಂದ ಆ ದಡಕ್ಕೆ ಜನ ಸಾಗಿಸ್ತಾನೆ. ಮಾರನೇ ದಿನ ಬೆಳಿಗ್ಗೆ ನೀರಿಗಿಳಿಸಬೇಕಿತ್ತು.

"ಭಾವ, ಬೇರಿಂಗು?"

"ಗಟ್ಟಿ ಇದೆ, ಹೋಗೋ."

"ಅಕ್ಕ ಇದ್ದಿದ್ರೆ ಎರಡೆರಡು ಸಲ ಕೇಳೋಳು."

"ನೀನು ಒಂದೇ ಸಲ ಕೇಳು."

ಫ್ಯಾನನ್ನು ಒಮ್ಮೆ ಅಲ್ಲಾಡಿಸಿದ್ದೆ, ಅಷ್ಟೇ. ಕೈ ಅಲ್ಲಿತ್ತು, ಮನಸ್ಸು ಇರಲಿಲ್ಲ. ಪಿನ್ನು ಯಾರನ್ನ ಕೇಳಲಿ...

ಶೆಡ್ಡಿಗೆ ಬೀಗ ಹಾಕಿ ಹೊರಟಾಗ ರಾತ್ರಿ ಹತ್ತು ಗಂಟೆ. ಮನೆ ದಾರಿಯ ಹಾಳುಬಾವಿಯ ಹತ್ತಿರ ಬಂದೆ. ಬಾವಿಯೊಳಗಿಂದ...

ಟಕ್.

ನಿಂತೆ.

...ಟಕ್.

ಕಪ್ಪೆಯಲ್ಲ. ಕಲ್ಲು ಬಿದ್ದದ್ದಲ್ಲ, ನೀರಿನ ಸದ್ದೇ ಇಲ್ಲ. ಶಾಫ್ಟನ್ನು ಎತ್ತಿ ಬಿಟ್ಟರೆ ಸವೆದ ಬೇರಿಂಗಿನಲ್ಲಿ ಬರುವ ಸದ್ದು. ಮೂವತ್ತು ವರ್ಷ ಕೇಳಿದ್ದೇನೆ. ಕಾಲು ತಾನಾಗೇ ವಾಪಸು ತಿರುಗಿತು.

ಶೆಡ್ಡಿನ ಮುಂದೆ ಕಾವಲಿನ ಮುದುಕ ಎದ್ದು ನಿಂತಿದ್ದ. ಪಿಸುಗುಟ್ಟಿದ.

"ನಿಮಗೂ ಕೇಳ್ತಾ?"

"ಒಳಗೆ ಯಾರು?"

"ಯಾರೂ ಇಲ್ಲ. ಬೀಗ ಹಾಕಿದೋರು ನೀವೇ. ಹೆಗ್ಗಣ ಇರಬೇಕು."

"ಫ್ಯಾನು ಎತ್ತೋ ಹೆಗ್ಗಣಾನಾ?"

"ಹಂಗಾದ್ರೆ ನೀವೇ ಹೋಗಿ ನೋಡಿ. ನಾನು ಇಲ್ಲೇ ಚೆನ್ನಾಗಿದೀನಿ."

ಬೀಗ ತೆಗೆದೆ. ಸದ್ದು ನಿಂತಿತು. ದೋಣಿ ದಿಮ್ಮಿಗಳ ಮೇಲೆ ಕೂತಿತ್ತು. ಟಾರ್ಚು ಬಿಟ್ಟೆ. ಫ್ಯಾನು ಅಲ್ಲಾಡ್ತಿರಲಿಲ್ಲ. ಬೆಳಕು ಸಂದಿಗೆ ಬಿತ್ತು...

ಪಿನ್ನು. ಒಂದು ಕಾಲು ಪೂರ್ತಿ ಒಳಗೆ.

ಎಳೆದೆ. ಸಲೀಸಾಗಿ ಬಂತು.

"ನೋಡಿರಲಿಲ್ಲ ಕಣೇ..." ಅಂದೆ. ಬೆಳಗಾಗೋ ತನಕ ಅಲ್ಲೇ ಕೂತೆ.

ಬೆಳಿಗ್ಗೆ ಭಾವಮೈದುನ ಬಂದ. "ಇಳಿಸಬೇಡ. ನಿನಗೆ ಸುಳ್ಳು ಹೇಳಿದ್ದೆ" ಅಂದೆ. ಅವನು ನನ್ನ ಮುಖ ನೋಡಿದ. ಹೋಗಿ ಸ್ಪ್ಯಾನರು ತಂದ. ಇಬ್ಬರೂ ಸೇರಿ ಶಾಫ್ಟು ಎಳೆದೆವು. ಬೇರಿಂಗಿನ ರಬ್ಬರು ಒಂದು ಕಡೆ ಪೂರಾ ಹೋಗಿ ಅದರ ಹಿತ್ತಾಳೆ ಕವಚ ಕಾಣ್ತಿತ್ತು. ಹೊಸದು ಹಾಕಿದೆವು. ಅವನು ಫ್ಯಾನು ಎತ್ತಿ ಹಿಡಿದ. ನಾನು ಅದೇ ಪಿನ್ನು ಇಟ್ಟು ಒತ್ತಿದೆ.

"ಹೋಗ್ತಿಲ್ಲ" ಅಂತ ಜೋರಾಗಿ ಹೇಳಿದೆ. ಅವನಿಗಲ್ಲ.

ಮನೆಗೆ ಬಂದು ಬೀರು ತೆಗೆದೆ. ಕವರಿನ ಬಾಯಿ ಅಂಟಿಸಿದ ಹಾಗೇ ಇತ್ತು. ಒಡೆದೆ.

ಐದೇ ಇತ್ತು.

ನರ್ಸಮ್ಮ ಎಣಿಸೋದ್ರಲ್ಲಿ ತಪ್ಪಿರಬೇಕು ಅಂತಾನೆ ಭಾವಮೈದುನ. ಇರಬಹುದು. ಅವಳಾಣೆಗೂ ನಡೆದದ್ದು ಇಷ್ಟೇ. ಕೈಲಿದ್ದ ಪಿನ್ನನ್ನೂ ಆ ಐದರ ಜೊತೆ ಹಾಕಿ ಮತ್ತೆ ಅಂಟಿಸಿದೆ. ಅದರ ಕಾಲಿಗೆ ಕಪ್ಪು ರಬ್ಬರು ಹತ್ತಿತ್ತು. ಒರೆಸಲಿಲ್ಲ.